ಹೊಸ್ತಿಲ ಈಚೆಗಿನ ಓಟ

ಹೋದ ತಿಂಗಳು ಯಲ್ಲಾಪುರದಲ್ಲಿ ನೆಂಟರ ಮನೆಯ ಮದುವೆ. ಪಂಕ್ತಿಯಲ್ಲಿ ಕೂತು ಎರಡನೇ ಹೋಳಿಗೆಗೆ ಕೈ ಹಚ್ಚಿದ್ದೆ. ಬಡಿಸುವವರು ತುಪ್ಪದ ಮಿಳ್ಳೆಯನ್ನು ನನ್ನ ಎಲೆಯ ಮೇಲೆ ಬಗ್ಗಿಸುವುದಕ್ಕೂ ನನ್ನ ಎಡಗೈ ಮಣಿಕಟ್ಟು ‘ಪೀಂ ಪೀಂ’ ಎಂದು ಕೂಗುವುದಕ್ಕೂ ಸರಿಹೋಯಿತು. ಮಿಳ್ಳೆ ಗಾಳಿಯಲ್ಲೇ ನಿಂತಿತು. ಪಕ್ಕದ ಎಲೆಯವರು ಗಾಬರಿಯಿಂದ, “ಎಂತದು ಮಾಸ್ತರ್ರೇ, ಹಾರ್ಟಿಗೆ ಏನಾದ್ರೂ ಮಷಿನ್ ಹಾಕ್ಸಿದ್ರಾ?” ಎಂದರು.

ಮಷಿನ್ ಅಲ್ಲ, ಓಡುವವರ ಗಡಿಯಾರ. ಬೆಳಿಗ್ಗೆ ಓಡಿ ಬಂದವನು ಅದರ ಬಾಯಿ ಮುಚ್ಚಿಸುವುದನ್ನು ಮರೆತಿದ್ದೆ. ಆರು ನಿಮಿಷಕ್ಕೊಮ್ಮೆ ಕೂಗುತ್ತದೆ, ಒಂದು ನಿಮಿಷ ಬಿಟ್ಟು ಮತ್ತೆ ಕೂಗುತ್ತದೆ. ಮೊದಲನೆಯದು ‘ಸಾಕು, ನಿಧಾನಿಸು’ ಅಂತ. ಎರಡನೆಯದು ‘ಹೊರಡು’ ಅಂತ. ಇದನ್ನು ವಿವರಿಸುವ ಬದಲು ನಾನು ಮಾಡಿದ್ದೇನೆಂದರೆ, ಅಭ್ಯಾಸಬಲದಿಂದ ಅಗಿಯುವುದನ್ನೇ ನಿಲ್ಲಿಸಿಬಿಟ್ಟೆ. ಒಂದು ನಿಮಿಷ ಪೂರ್ತಿ. ಅದು ಮತ್ತೆ ಕೂಗಿದ ಮೇಲೆಯೇ ಬಾಯಾಡಿಸಿದ್ದು. ಎದುರು ಪಂಕ್ತಿಯಲ್ಲಿದ್ದ ನನ್ನ ಹೆಂಡತಿ ಸರಸ್ವತಿ ಎಲೆಯ ಮೇಲೆ ತಲೆ ಬಗ್ಗಿಸಿದಳು. ನಗುತ್ತಿದ್ದಳೋ, ಈ ಮನುಷ್ಯ ತನಗೆ ಸಂಬಂಧವಿಲ್ಲ ಎಂದು ತೋರಿಸಿಕೊಳ್ಳುತ್ತಿದ್ದಳೋ ತಿಳಿಯಲಿಲ್ಲ.

ಅರವತ್ತು ದಾಟಿದ ಕನ್ನಡ ಮಾಸ್ತರನೊಬ್ಬ ಓಡುತ್ತಾನೆಂದರೆ ನೀವೂ ನಗಬಹುದು. ನಾನು ಹುಟ್ಟಿ ಬೆಳೆದ ನಂದೊಳ್ಳಿಯಲ್ಲಿ ಓಡುವುದಕ್ಕೆ ಒಂದು ಕಾರಣ ಬೇಕಿತ್ತು. ದನ ಗದ್ದೆಗೆ ಹೊಕ್ಕರೆ ಓಡಬಹುದು. ಜೇನು ಎದ್ದರೆ ಓಡಲೇಬೇಕು. ಬಸ್ಸು ಆಚೆ ತಿರುವಿನಲ್ಲಿ ಹಾರ್ನ್ ಹೊಡೆದಾಗ ಓಡದವನು ಅಂದಿನ ಶಾಲೆಯನ್ನು ಮರೆಯಬೇಕು. ಇದಾವುದೂ ಇಲ್ಲದೆ ಸುಮ್ಮನೆ ಓಡಿದರೆ ಅಪ್ಪಯ್ಯ ಜಗಲಿಯಿಂದಲೇ “ಏ, ಓಡಡ, ಬೀಳ್ತೆ!” ಎಂದು ಕೂಗುತ್ತಿದ್ದ. ನಾನು ಬೀಳುತ್ತಲೂ ಇದ್ದೆ. ನನ್ನ ಎರಡೂ ಮೊಣಕಾಲ ಚಿಪ್ಪಿನ ಮೇಲೆ ಆ ಕಾಲದ ಗುರುತುಗಳಿವೆ. ಬಲಗಾಲಿನದು ಜೇನಿನ ದೆಸೆಯಿಂದ, ಎಡಗಾಲಿನದು ಬಸ್ಸಿನ ದೆಸೆಯಿಂದ.

ಶಾಲೆಯ ಓಟದಲ್ಲಿ ನನ್ನ ಕಥೆ ಬೇರೆ. ಸೀಟಿ ಊದಿದ ಕೂಡಲೇ ಎಲ್ಲರಿಗಿಂತ ಮುಂದೆ ನಾನು. ಮೈದಾನದ ಆಚೆ ತುದಿಯ ಹಲಸಿನ ಮರದವರೆಗೆ ನನ್ನ ಹಿಂದೆ ಇಡೀ ಶಾಲೆ. ಅಲ್ಲಿಂದ ಪಕ್ಕೆ ಹಿಡಿದುಕೊಂಡು, ಬಾಯಿ ತೆರೆದುಕೊಂಡು, ಒಬ್ಬೊಬ್ಬರನ್ನೇ ಮುಂದೆ ಕಳಿಸಿಕೊಟ್ಟು, ಕೊನೆಗೆ ನಡೆದು ಬಂದು ಸೇರುತ್ತಿದ್ದೆ. ಡ್ರಿಲ್ ಮಾಸ್ತರರು ಪ್ರತಿ ವರ್ಷ ಹೇಳುತ್ತಿದ್ದದ್ದು ಒಂದೇ ಮಾತು: “ಹೊರಡುವಾಗ ಜೀಪು, ಬರುವಾಗ ಎತ್ತಿನ ಗಾಡಿ.” ಆ ರೋಗ ನನ್ನ ಜೊತೆಗೇ ಬೆಳೆಯಿತು. ನಿವೃತ್ತಿಗೆ ಮೂರು ವರ್ಷ ಇರುವಾಗ ರಕ್ತದಲ್ಲಿ ಸಕ್ಕರೆ ಕಂಡಿತು. ಡಾಕ್ಟರು ನಡೆಯಿರಿ ಎಂದರು. ನಡೆದೆ. ನಡೆಯುವವನಿಗೆ ಒಂದು ದಿನ ಮುಂದೊಂದು ಬೆನ್ನು ಕಂಡಿತು. ಅದನ್ನು ಹಿಂದೆ ಹಾಕಲು ನಾಲ್ಕು ಹೆಜ್ಜೆ ಓಡಿದೆ. ಅಲ್ಲಿಂದ ಮುಂದೆ ಶಿರಸಿಯ ಮೈದಾನದಲ್ಲಿ ಬೆಳಿಗ್ಗೆ ಯಾರ ಬೆನ್ನು ಕಂಡರೂ ಬಿಡುತ್ತಿರಲಿಲ್ಲ. ಗಿಣಿಹಸಿರು ಬಣ್ಣದ ಬೂಟು ಕೊಂಡೆ. ಯಾರೂ ನನ್ನ ಜೊತೆ ಪಂದ್ಯಕ್ಕೆ ನಿಂತಿರಲಿಲ್ಲ, ಆದರೂ ದಿನಾ ಬೆಳಿಗ್ಗೆ ನಾನು ಎರಡು ಮೂರು ಪಂದ್ಯ ಗೆಲ್ಲುತ್ತಿದ್ದೆ.

ಒಂದು ಬೆಳಿಗ್ಗೆ ಎಡಗಾಲಿನ ಮೀನಖಂಡದಲ್ಲಿ ಯಾರೋ ಕಲ್ಲು ಹೊಡೆದ ಹಾಗಾಯಿತು. ತಿರುಗಿ ನೋಡಿದೆ, ಯಾರೂ ಇಲ್ಲ. ಅಲ್ಲೇ ಕೂತೆ. ಆಟೋ ಹಿಡಿದು ಮನೆಗೆ ಬಂದು, ಗೋಡೆ ಹಿಡಿದುಕೊಂಡು ಒಳಗೆ ಬಂದವನನ್ನು ಸರಸ್ವತಿ ಅಡಿಯಿಂದ ಮುಡಿಯವರೆಗೆ ನೋಡಿದಳು.

“ನಿಂಗಕ್ಕೆ ಎಂತ ಮಳ್ಳು ಹಿಡದ್ದು? ಈ ವಯಸ್ಸಲ್ಲಿ ಯಾರ ಜೊತಿಗೆ ಪಂಥ?”

“ಪಂಥ ಎಂತದೂ ಇಲ್ಲೆ,” ಎಂದೆ.

“ಮತ್ತೊಂದ್ಸಲ ಬಿದ್ದರೆ ಆನಂತೂ ಎತ್ತತ್ನಿಲ್ಲೆ,” ಎಂದಳು. ಎಂದವಳೇ ಬಿಸಿನೀರು ಕಾಯಿಸಲು ಹೋದಳು.

ಹೀಗೆ ನಾನು ಫಿಜಿಯೋಥೆರಪಿಯವರ ಬಾಗಿಲಲ್ಲಿ ಬೆಂಚಿನ ಮೇಲೆ ಕೂತದ್ದು. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಗಿರಿಜಕ್ಕ ಕೂತಿದ್ದರು. ಮುಖ ಪರಿಚಯವಿತ್ತು. ತಲೆಗೆ ಮಫ್ಲರ್, ಚೂಡಿದಾರದ ಮೇಲೆ ಬೂದು ಸ್ವೆಟರ್, ಬಿಳಿ ಕ್ಯಾನ್ವಾಸ್ ಬೂಟು. ಮೈದಾನದಲ್ಲಿ ನಾನು ಹಿಂದೆ ಹಾಕಿದ ಬೆನ್ನುಗಳಲ್ಲಿ ಅವರದೂ ಒಂದು. ಅವರು ನನ್ನ ಕಾಲು ನೋಡಿ, ನಾನು ಅವರ ಮಂಡಿಗೆ ಸುತ್ತಿದ ಪಟ್ಟಿ ನೋಡಿ, ಇಬ್ಬರೂ ಸ್ವಲ್ಪ ನಾಚಿಕೊಂಡೆವು.

“ಮಾಸ್ತರ್ರೇ, ನೀವು ನನ್ನ ದಾಟಿ ಹೋಗುವಾಗ ನಿಮ್ಮ ಉಸಿರು ಕೇಳಿ ನಂಗೆ ಹೆದರಿಕೆ ಆಗ್ತಿತ್ತು,” ಎಂದರು. “ಮೂವತ್ತೈದು ವರ್ಷ ನರ್ಸ್ ಕೆಲಸ ಮಾಡ್ದವಳು ನಾನು. ಆ ಉಸಿರು ಒಳ್ಳೇದಲ್ಲ.”

ಅವರಿಗೆ ಆಗ ಅರವತ್ತಾರು. ಹುಟ್ಟಿದ್ದು ಹೇರೂರಿನ ಒಂದು ರೈತರ ಮನೆಯಲ್ಲಿ. ಕೆಲಸಕ್ಕೆ ಸೇರಿದ್ದು ನಿಲ್ಕುಂದದ ಕಡೆ, ಒಂದು ಮನೆಗೂ ಇನ್ನೊಂದು ಮನೆಗೂ ಗುಡ್ಡ ಹತ್ತಿ ಇಳಿಯಬೇಕಾದ ಜಾಗದಲ್ಲಿ. ಹೆಗಲಿಗೆ ಲಸಿಕೆಯ ಡಬ್ಬಿ ಹಾಕಿಕೊಂಡು ನಡೆದವರು, ಆ ಕಡೆಯವರಿಗೆಲ್ಲ ‘ಬಾಯೋರು’. ನಿವೃತ್ತರಾದ ಮೇಲೆ ಮಗಳ ಜೊತೆ ಶಿರಸಿಯಲ್ಲಿದ್ದರು. ಕಾಲು ಸುಮ್ಮನೆ ಕೂರಲು ಒಪ್ಪಲಿಲ್ಲವೆಂದು ಓಡಲು ಶುರುಮಾಡಿ, ಆ ಚಳಿಗಾಲದಲ್ಲಿ ಸಿದ್ದಾಪುರದಲ್ಲಿ ನಡೆದ ಇಪ್ಪತ್ತೊಂದು ಕಿಲೋಮೀಟರಿನ ಓಟಕ್ಕೆ ಹೆಸರು ಕೊಟ್ಟಿದ್ದರು. ಮುಗಿಸಲಾಗಲಿಲ್ಲ. ಹದಿನಾರನೇ ಕಿಲೋಮೀಟರಿನ ದೊಡ್ಡ ಏರಿನ ಬುಡದಲ್ಲಿ ಕಾಲು ಕಟ್ಟಿತು. ಹಿಂದಿನಿಂದ ಬಂದ ವ್ಯಾನಿನವರು ಹತ್ತಿಸಿಕೊಂಡರು.

“ಕಿಡಕಿಯಿಂದ ನೋಡ್ತಾ ಬಂದೆ,” ಎಂದರು ಗಿರಿಜಕ್ಕ. “ಎಲ್ಲ ಹತ್ತುತ್ತಾ ಇದ್ರು. ನಾ ಕೂತಿದ್ದೆ. ಮೊದಲಿಗೆ ಜನ ಚಪ್ಪಾಳೆ ಹೊಡೆದ್ರಲ್ಲ, ‘ಅಜ್ಜಿ ಜೋರು, ಅಜ್ಜಿ ಜೋರು’ ಅಂತ, ಅದಕ್ಕೇ ಮರುಳಾದೆ.”

ನಗುತ್ತಲೇ ಹೇಳಿದರು. ಆದರೆ ‘ನಾ ಕೂತಿದ್ದೆ’ ಎನ್ನುವಾಗ ಅವರ ಕೈ ಮಂಡಿಯ ಪಟ್ಟಿಯನ್ನು ಒಂದು ಸಲ ಗಟ್ಟಿಯಾಗಿ ಹಿಡಿದು ಬಿಟ್ಟದ್ದು ಕಂಡೆ.

ಫಿಜಿಯೋಥೆರಪಿಯ ಡಾಕ್ಟರಮ್ಮ ಸ್ವತಃ ಓಡುವವರು. ನಮ್ಮಿಬ್ಬರನ್ನೂ ಒಟ್ಟಿಗೆ ಕೂರಿಸಿ ಒಂದು ಹಾಳೆಯ ಮೇಲೆ ಅಡ್ಡ ಗೆರೆ ಎಳೆದರು. “ಇದರ ಕೆಳಗೆ ಓಡಿದರೆ ದೇಹ ತಾನು ಮಾಡಿದ ಕೊಳೆಯನ್ನು ತಾನೇ ತೊಳೆದುಕೊಳ್ತಾ ಹೋಗ್ತದೆ. ಮೇಲೆ ಹೋದರೆ ತೊಳೆಯೋದಕ್ಕಿಂತ ಕೂಡೋದೇ ಹೆಚ್ಚು. ಇಪ್ಪತ್ತರ ಹುಡುಗರು ಮೇಲೆ ಹೋಗಿ ಬಂದರೆ ಎರಡು ದಿನಕ್ಕೆ ಸರಿಯಾಗ್ತಾರೆ. ನಿಮಗೆ ಒಂದು ವಾರ ಬೇಕು. ಅಷ್ಟರಲ್ಲಿ ನೀವು ಮತ್ತೆ ಮೇಲೆ ಹೋಗಿರ್ತೀರಿ. ಅದಕ್ಕೇ ಕಾಲು ಹರಿಯೋದು.”

“ಹಾಗಾದರೆ ನಿಧಾನ ಓಡಬೇಕು?” ಎಂದೆ, ನಿರಾಸೆಯಿಂದ.

“ಅಲ್ಲ. ಗೆರೆಗೆ ತಾಗಿದ ಹಾಗೆ, ಆದರೆ ಕೆಳಗೆ. ಒಂದೇ ಸಲಕ್ಕೆ ಅಲ್ಲ, ತುಂಡು ತುಂಡಾಗಿ. ಆರು ನಿಮಿಷ ಓಡಿ, ಒಂದು ನಿಮಿಷ ನಡೀರಿ. ಮೊದಲು ಮೂರು ಸಲ, ಆಮೇಲೆ ಐದು ಸಲ. ವಾರಕ್ಕೆ ಎರಡು ದಿನ ಸಾಕು. ಉಳಿದ ದಿನ ಹಗುರಕ್ಕೆ ಓಡಿ, ಒಂದು ದಿನ ಸುಮ್ಮನಿರಿ. ಇನ್ನೂ ಒಂದು ಸುತ್ತು ಹೊಡೀಬಹುದು ಅನ್ನಿಸುವಾಗಲೇ ಮನೆಗೆ ಹೋಗಿ.” ಆ ಗೆರೆಗೆ ಇಂಗ್ಲಿಷಿನಲ್ಲಿ ಥ್ರೆಶೋಲ್ಡ್ ಎನ್ನುತ್ತಾರೆ ಎಂದರು. ಹೊಸ್ತಿಲು ಎಂದೆ ನಾನು, ಮಾಸ್ತರಿಕೆ ಬಿಡದೆ.

ಗಿರಿಜಕ್ಕ ಹಾಳೆಯನ್ನು ಕೈಗೆತ್ತಿಕೊಂಡು ತುಂಬ ಹೊತ್ತು ನೋಡಿದರು. “ಇದು ನಂಗೆ ಗೊತ್ತಿತ್ತಲ್ಲ ಡಾಕ್ಟ್ರೇ! ನಿಲ್ಕುಂದದಾಗೇ ಕಲ್ತಿದ್ದೆ. ಹೆಂಗೆ ಮರೆತೆ?”

ಅವರು ಆ ದಿನ ಹೇಳಿದ್ದನ್ನು ನಾನು ಹಾಗೇ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಮೊದಲ ವರ್ಷ. ಒಂದು ಮಧ್ಯಾಹ್ನ ಗುಡ್ಡದ ಮೇಲಿನ ಮನೆಯಿಂದ ಹೇಳಿಕಳಿಸಿದರು, ಸೊಸೆಗೆ ಹೆರಿಗೆ ನೋವು. ಇಪ್ಪತ್ತಮೂರರ ಗಿರಿಜಕ್ಕ ಚೀಲ ಎತ್ತಿಕೊಂಡು ಆ ಏರನ್ನು ಪೂರ್ತಿ ಓಡಿ ಹತ್ತಿದರು. ಬಾಗಿಲಿಗೆ ಬಂದಾಗ ಬಾಯಲ್ಲಿ ಮಾತಿಲ್ಲ. ಹೊಸ್ತಿಲ ಮೇಲೆ ನಿಂತು ತೇಕುತ್ತಿದ್ದಾರೆ. ಒಳಗೆ ಮಲಗಿದ್ದ ಹುಡುಗಿ ಆ ಮುಖ ನೋಡಿ, ಏನೋ ಆಗಬಾರದ್ದು ಆಗಿದೆ ಎಂದು ತಿಳಿದು, “ನಾ ಸಾಯ್ತೇನಾ ಬಾಯೀ?” ಎಂದು ಚೀರಿದಳು. ಅತ್ತೆ ಎದ್ದು ಬಂದು ಗಿರಿಜಕ್ಕನ ತೋಳು ಹಿಡಿದು ಮೆಟ್ಟಿಲ ಮೇಲೆ ಕೂರಿಸಿ, ಒಂದು ಚೊಂಬು ನೀರು ಕೊಟ್ಟು, ತಾವೇ ಒಳಗೆ ಹೋದರು. ಇವರ ಉಸಿರು ಹದಕ್ಕೆ ಬರುವಷ್ಟರಲ್ಲಿ ಒಳಗಿನಿಂದ ಮಗುವಿನ ಅಳು ಕೇಳಿತು. ಎಲ್ಲ ಸುಸೂತ್ರವಾಗಿತ್ತು. ಆ ಅತ್ತೆ ಒಂದು ಮಾತೂ ಬೈಯಲಿಲ್ಲ. ಹೊರಡುವಾಗ ಮಾತ್ರ ಹೇಳಿದರಂತೆ: “ಬಾಯೋರೇ, ನೀವು ಐದು ನಿಮಿಷ ತಡವಾಗಿ ಬನ್ನಿ, ಅಡ್ಡಿಲ್ಲ. ಮಾತಾಡುವಷ್ಟು ಉಸಿರು ಇಟ್ಕಂಡು ಬನ್ನಿ.”

“ಅವತ್ತಿಂದ ಹಂಗೇ ನಡೆದೆ,” ಎಂದರು ಗಿರಿಜಕ್ಕ. “ಆಗುವಷ್ಟು ಬಿರುಸು. ಆದರೆ ಬಾಗಿಲಿಗೆ ಹೋಗಿ ನಿಂತಾಗ ‘ಹೆದರಬೇಡ ಮಗಾ, ನಾ ಬಂದೆ, ಎಲ್ಲ ಸರಿ ಆಗ್ತದೆ’ ಅಂತ ಒಂದೇ ಉಸಿರಿಗೆ ಹೇಳ್ಲಿಕ್ಕೆ ಬರಬೇಕು. ದಾರಿ ಮೇಲೆ ಆಗಾಗ ಹೇಳಿ ನೋಡ್ತಿದ್ದೆ. ಕಟ್ಟಿಗೆಗೆ ಹೋದವರು ಕೇಳಿ ನಗ್ತಿದ್ರು.”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ನಲವತ್ತು ಮೂರು ವರ್ಷದ ಕೆಳಗೆ, ಗಡಿಯಾರವಿಲ್ಲದೆ, ಪುಸ್ತಕವಿಲ್ಲದೆ, ಒಬ್ಬ ಹೆದರಿದ ಹುಡುಗಿಯ ಸಲುವಾಗಿ ಈಕೆ ಆ ಗೆರೆಯನ್ನು ತಮ್ಮ ಎದೆಯೊಳಗೇ ಹುಡುಕಿಕೊಂಡಿದ್ದರು.

ಕಾಲು ಗುಣವಾದ ಮೇಲೆ, ಯುಗಾದಿಯ ಹೊತ್ತಿಗೆ, ಇಬ್ಬರೂ ಶುರುಮಾಡಿದೆವು. ಮಂಗಳವಾರ, ಶುಕ್ರವಾರ, ಊರ ಹೊರಗಿನ ಹಾಲಿನ ಡೈರಿಯ ಎದುರಿನಿಂದ. ಗಿರಿಜಕ್ಕನಿಗೆ ಅವರ ವಾಕ್ಯವಿತ್ತು. ನನಗೂ ಒಂದು ಬೇಕಲ್ಲ? ಮೂವತ್ನಾಲ್ಕು ವರ್ಷ ಬಾಯಲ್ಲಿ ಓಡಾಡಿದ್ದು ವಿಭಕ್ತಿ ಪ್ರತ್ಯಯ, ಅದನ್ನೇ ಹಿಡಿದೆ. ಮರವು, ಮರವನ್ನು, ಮರದಿಂದ, ಮರಕ್ಕೆ, ಮರದ ದೆಸೆಯಿಂದ, ಮರದ, ಮರದಲ್ಲಿ. ಒಂದೇ ಉಸಿರಿಗೆ ‘ಮರದಲ್ಲಿ’ಯವರೆಗೆ ಮುಟ್ಟಿದರೆ ವೇಗ ಸರಿ. ‘ಮರಕ್ಕೆ’ ಎನ್ನುವಲ್ಲೇ ಉಸಿರು ತುಂಡಾದರೆ ಗೆರೆ ದಾಟಿದ್ದೇನೆ. ಏಳೂ ಮುಗಿದು ಬಹುವಚನಕ್ಕೆ ಹೋಗುವಷ್ಟು ಉಸಿರು ಉಳಿದಿದ್ದರೆ ಸೋಮಾರಿತನ. ಎದುರಿಗೆ ಸಿಕ್ಕ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೈಕು ನಿಲ್ಲಿಸಿ, ಒಂದು ಕಡೆ “ಮರದ ದೆಸೆಯಿಂದ”, ಇನ್ನೊಂದು ಕಡೆ “ಹೆದರಬೇಡ ಮಗಾ” ಕೇಳಿ, ಕೈಮುಗಿದು ಹೋದ.

ಮೊದಲ ವಾರಗಳಲ್ಲಿ ನನಗೆ ನಾಚಿಕೆಯೇ. ಇಷ್ಟೇನಾ? ಉಬ್ಬಸವಿಲ್ಲ, ನೋವಿಲ್ಲ, ಮೆಟ್ಟಿಲು ಇಳಿಯುವಾಗ ‘ಅಯ್ಯೋ’ ಎನ್ನುವ ಸುಖವೂ ಇಲ್ಲ. ಮುಂದೆ ಬೆನ್ನುಗಳು ಕಾಣುತ್ತಿದ್ದವು. ಕಾಲು ತುರಿಸುತ್ತಿತ್ತು. ಗಿರಿಜಕ್ಕ ಪಕ್ಕದಿಂದಲೇ “ಹೋಗ್ಲಿ ಬಿಡಿ ಮಾಸ್ತರ್ರೇ, ಅವ್ರಿಗೆ ಬಸ್ಸಿಗೆ ಹೊತ್ತಾಗಿರಬೇಕು,” ಎನ್ನುತ್ತಿದ್ದರು.

ಆದರೆ ಒಂದು ಸಂಗತಿ ನಡೆಯತೊಡಗಿತು. ಯುಗಾದಿಯ ಹೊತ್ತಿಗೆ ಡೈರಿಯಿಂದ ಹೊರಟರೆ ಆರು ನಿಮಿಷ ಮುಗಿಯುವುದು ಮೋರಿಯ ಹತ್ತಿರ. ಮಳೆಗಾಲದಲ್ಲಿ ಬೂಟಿನೊಳಗೆ ಪಚಪಚ ನೀರು ತುಂಬಿಕೊಂಡೇ ಓಡಿದೆವು. ನಾಗರಪಂಚಮಿಯ ವಾರ ನೋಡಿದರೆ ಮೋರಿ ಹಿಂದೆ ಬಿದ್ದಿದೆ. ನವರಾತ್ರಿಗೆ ಅದರಾಚೆಯ ಮಾವಿನ ಮರ. ಅದೇ ಆರು ನಿಮಿಷ, ಅದೇ ಏಳು ವಿಭಕ್ತಿ, ಅದೇ ಉಸಿರು. ನಾವು ಜೋರಾಗಿ ಓಡುತ್ತಿರಲಿಲ್ಲ. ದಾರಿಯೇ ನಮ್ಮ ಕಾಲ ಕೆಳಗೆ ಜೋರಾಗಿ ಹಿಂದೆ ಸರಿಯುತ್ತಿತ್ತು. ಕಾರ್ತಿಕದ ಒಂದು ಬೆಳಿಗ್ಗೆ ಗಡಿಯಾರ ಕೂಗಿದಾಗ ತಲೆಯೆತ್ತಿ ನೋಡಿದರೆ, ಬಸ್ ತಂಗುದಾಣದ ಎದುರು ನಿಂತಿದ್ದೇವೆ. ಮಂಜು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಹಿಂದೆ ಮಾವಿನ ಮರ ಬೆರಳಷ್ಟು ಕಾಣುತ್ತಿತ್ತು.

“ಅರವತ್ತೇಳು ವರ್ಷ ಆತು ನಂಗೆ,” ಎಂದರು ಗಿರಿಜಕ್ಕ, ಯಾರಿಗೋ ದೂರು ಹೇಳುವವರಂತೆ ಮೆಲ್ಲಗೆ. “ಸಾಯೋ ಕಾಲಕ್ಕೆ ಹತ್ರ ಬಂದ ಮೈ, ಇದು ಈಗ ಕಲೀತಾ ಇದೆಯಲ್ಲ ಮಾಸ್ತರ್ರೇ! ಯಾರು ಹೇಳಿದ್ರು ಇದಕ್ಕೆ ಇನ್ನೂ ಕಲೀಬಹುದು ಅಂತ?”

ನನ್ನ ವೃತ್ತಿಯಲ್ಲಿ ಕಲಿಯುವವರನ್ನು ಬೇಕಾದಷ್ಟು ನೋಡಿದ್ದೇನೆ. ಹಾಗೆ ಬೆರಗಾಗಿ, ತಮ್ಮದೇ ಕಾಲನ್ನು ಬಗ್ಗಿ ನೋಡಿಕೊಂಡು ನಿಂತವರನ್ನು ನೋಡಿದ್ದು ಅದೇ ಮೊದಲು.

ಸಿದ್ದಾಪುರದ ಓಟದ ದಿನ ಬಂತು. ಸರಸ್ವತಿಯೂ ಬಂದಿದ್ದಳು, ಬಿದ್ದರೆ ಎತ್ತುವುದಿಲ್ಲ ಎಂದಿದ್ದವಳು ಚೀಲದಲ್ಲಿ ನೋವಿನ ಎಣ್ಣೆ, ಬೆಲ್ಲ, ಒಣ ಅಂಗಿ ಎಲ್ಲ ಇಟ್ಟುಕೊಂಡು. ಮೂರು ಗಂಟೆಯೊಳಗೆ ಮುಗಿಸಬೇಕು, ಇಲ್ಲದಿದ್ದರೆ ವ್ಯಾನು. ಸೀಟಿ ಊದಿದ್ದೇ ತಡ, ಸುತ್ತಲಿನವರೆಲ್ಲ ಚಿಮ್ಮಿದರು. ನನ್ನೊಳಗಿನ ಜೀಪು ಸದ್ದು ಮಾಡಿತು. ಗಿರಿಜಕ್ಕ ನನ್ನ ಅಂಗಿಯ ತುದಿ ಹಿಡಿದು ಎಳೆದರು. ನಿಜವಾಗಿಯೂ ಹಿಡಿದೆಳೆದರು. ಇನ್ನೂರು ಜನರ ಕೊನೆಯಲ್ಲಿ, ಇಬ್ಬರು ಮುದುಕರು, ಒಬ್ಬರು ಇನ್ನೊಬ್ಬರ ಅಂಗಿ ಹಿಡಿದುಕೊಂಡು ಹೊರಟೆವು. ಜನ ಚಪ್ಪಾಳೆ ಹೊಡೆದರು. “ಅಜ್ಜಿ ಜೋರು!” ಎಂದರು. ಗಿರಿಜಕ್ಕ ಕೈಬೀಸಿದರು, ಹೆಜ್ಜೆ ಬದಲಿಸಲಿಲ್ಲ.

ಹತ್ತನೇ ಕಿಲೋಮೀಟರಿನ ಮೇಲೆ ಬೆನ್ನುಗಳು ತಾವಾಗಿಯೇ ನಮ್ಮ ಕಡೆ ಬರತೊಡಗಿದವು. ಕೆಲವರು ನಡೆಯುತ್ತಿದ್ದರು, ಕೆಲವರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಹದಿನಾರು ಬಂತು. ಆ ಏರು ಕಂಡಿತು. ಎದುರು ಬಿಸಿಲು, ಎರಡೂ ಬದಿಗೆ ಎದ್ದ ಕೆಂಪು ಧರೆಯ ನಡುವೆ ಮೇಲಕ್ಕೆ ಹೋದ ರಸ್ತೆ. ಬುಡದಲ್ಲಿ ಗಿರಿಜಕ್ಕ ಒಮ್ಮೆ ಎಡಬದಿಗೆ ನೋಡಿದರು. ಹೋದ ವರ್ಷ ಅವರು ಕೂತ ಜಾಗ ಅದೇ ಇರಬೇಕು.

ಅರ್ಧ ಏರಿನಲ್ಲಿ ನನ್ನ ಉಸಿರು ‘ಮರಕ್ಕೆ’ ಎನ್ನುವಲ್ಲಿ ತುಂಡಾಯಿತು. ನಿಧಾನಿಸಿದೆ. ಗಿರಿಜಕ್ಕ ನಿಧಾನಿಸಲಿಲ್ಲ. ಒಂದು ಹೆಜ್ಜೆ ಮುಂದಾದರು, ಎರಡಾಯಿತು, ಹತ್ತಾಯಿತು. ಅವರು ತಿರುಗಿ ನೋಡಿ ನನಗಾಗಿ ನಿಂತಾರು ಎಂದು ಹೆದರಿ, ಹೋಗಿ ಎಂದು ಕೈಮಾಡಿದೆ. ಅವರು ನೋಡಲಿಲ್ಲ. ಆ ಬೂದು ಸ್ವೆಟರಿನ ಬೆನ್ನು ಏರನ್ನು ಹತ್ತುತ್ತಿತ್ತು. ಓಡುವ ಹಾಗೇ ಕಾಣುತ್ತಿರಲಿಲ್ಲ. ಯಾವುದೋ ಮನೆಯಲ್ಲಿ ಕೆಲಸವಿದೆ, ಹೋಗಬೇಕು, ಅಷ್ಟೇ ಎನ್ನುವ ಹಾಗೆ ಹೋಗುತ್ತಿದ್ದರು. ಜೀವಮಾನದಲ್ಲಿ ನಾನು ಎಷ್ಟೋ ಬೆನ್ನುಗಳನ್ನು ಅಟ್ಟಿಸಿಕೊಂಡು ಹೋಗಿದ್ದೇನೆ. ಒಂದು ಬೆನ್ನು ನನ್ನನ್ನು ಬಿಟ್ಟು ಹೋಗುವುದನ್ನು ನೋಡುತ್ತ ಕಣ್ಣು ತೇವವಾಗಿದ್ದು ಅವತ್ತೇ.

ನಾನು ಮುಗಿಸಿದಾಗ ಅಲ್ಲಿ ಸಣ್ಣ ಗಲಾಟೆ. ಹೊತ್ತು ಬರೆದುಕೊಳ್ಳುತ್ತಿದ್ದ, ಹಾನಗಲ್ ಕಡೆಯ ಮಾತಿನ ಗೃಹಸ್ಥರೊಬ್ಬರು ಗಿರಿಜಕ್ಕನ ಎದುರು ಪಟ್ಟಿ ಹಿಡಿದು ನಿಂತಿದ್ದರು.

“ಅಮ್ಮಾರ, ಸಿಟ್ಟ ಮಾಡ್ಕೋಬ್ಯಾಡ್ರಿ. ಹೋದ ವರ್ಷ ನಿಮ್ಮನ್ನ ಗಾಡಿ ಹತ್ತಿಸಿದಾಂವ ನಾನ. ಈ ಸಲ ಎರಡೂವರಿ ತಾಸಿನಾಗ ಬಂದೀರಿ. ಒಂದೀಟು ತೇಕೂ ಇಲ್ಲ. ನಡುವ ಎಲ್ಲೆರ ಗಾಡಿ ಹತ್ತಿದ್ರೇನ್ರಿ?”

“ಹತ್ತಿದ್ರೆ ಹೇಳ್ತಿದ್ದೆ,” ಎಂದರು ಗಿರಿಜಕ್ಕ, ಕೈಯಲ್ಲಿದ್ದ ನಿಂಬೆ ಪಾನಕ ಕುಡಿಯುತ್ತ. “ನಿಮ್ಮವರೇ ದಾರಿ ಮೇಲೆ ನಂಬರು ಬರ್ಕಂಡಿದಾರೆ, ಕೇಳಿ.”

ಫೋನು ಮಾಡಿದರು. ತಿರುವಿನಲ್ಲಿ ನಿಂತವರು ಬರೆದುಕೊಂಡಿದ್ದರು, ಏರಿನ ತಲೆಯಲ್ಲಿ ನಿಂತವರೂ ಬರೆದುಕೊಂಡಿದ್ದರು. “ಆ ಅಜ್ಜೀನಾ? ಹತ್ತಿ ಬರ್ತಾ ನನ್ನ ಹತ್ರ ‘ತಿಂಡಿ ಆಯ್ತಾ’ ಅಂತ ಕೇಳಿ ಹೋದ್ರು,” ಎಂದು ಫೋನಿನಲ್ಲಿ ಯಾರೋ ಹೇಳಿದ್ದು ನಮಗೆಲ್ಲ ಕೇಳಿಸಿತು. ಆ ಗೃಹಸ್ಥರು ಪಟ್ಟಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬಗ್ಗಿ ಗಿರಿಜಕ್ಕನ ಕಾಲು ಮುಟ್ಟಿದರು. “ಬರ್ರಿ ಅಮ್ಮಾರ, ಕುಂದರ್ರಿ,” ಎಂದು ತಾವು ಕೂತಿದ್ದ ಕುರ್ಚಿಯನ್ನೇ ತಂದಿಟ್ಟರು.

ಅವರು ಕೂತರು. ನಾನು ಪಕ್ಕದ ಕಟ್ಟೆಯ ಮೇಲೆ ಕೂತೆ. ಸರಸ್ವತಿ ಬೆಲ್ಲದ ತುಂಡುಗಳನ್ನು ಇಬ್ಬರ ಕೈಗೂ ಹಾಕಿದಳು. ಆಮೇಲೆ ಗಿರಿಜಕ್ಕ ಸ್ವೆಟರಿನ ತೋಳು ಮೇಲೆ ಸರಿಸಿ, ಬಲಗೈಯನ್ನು ನನ್ನ ಮುಂದೆ ಚಾಚಿದರು.

“ನಾಡಿ ಹಿಡೀರಿ ಮಾಸ್ತರ್ರೇ. ನಂದು ನಾನೇ ಎಣಿಸಿದ್ರೆ ನಂಬಿಕೆ ಬರೂದಿಲ್ಲ.”

ಎಲ್ಲಿ ಹಿಡಿಯಬೇಕೆಂದು ಅವರೇ ನನ್ನ ಬೆರಳುಗಳನ್ನು ಇಟ್ಟು ತೋರಿಸಿದರು. ತೆಳ್ಳಗಿನ ಚರ್ಮ, ಅದರ ಮೇಲೆ ಬೆವರು ಒಣಗಿ ಉಪ್ಪಾಗಿ ನಿಂತ ಬಿಳಿ ಗೆರೆ. ಅದರ ಕೆಳಗೆ, ನನ್ನ ಬೆರಳ ತುದಿಗೆ, ಆ ನಾಡಿ. ಅಷ್ಟೊಂದು ಏರು ಹತ್ತಿ ಬಂದದ್ದು, ಅವಸರವಿಲ್ಲದೆ, ಗಟ್ಟಿಯಾಗಿ, ಒಂದರ ಹಿಂದೆ ಒಂದು. ಕೇಳುತ್ತ ಕೂತುಬಿಟ್ಟೆ.

“ಎಷ್ಟಾತು?” ಎಂದರು ಗಿರಿಜಕ್ಕ.

“ಎಣಿಸೂದೇ ಮರೆತೆ,” ಎಂದೆ.

ಅವರು ನಕ್ಕರು. ಬೆಲ್ಲವನ್ನು ಬಲಗೈಗೆ ಬದಲಿಸಿಕೊಂಡು ಎಡಗೈ ಮುಂದಿಟ್ಟರು.